ಕುವಾನೊ ಮೇಷ್ಟ್ರ ಹ್ಯಾಂಡ್‌ಬ್ರೇಕ್

ಆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಕುವಾನೊ ತೊಕುಜಿ ಮೇಷ್ಟ್ರು ತಮ್ಮ ಪುಟ್ಟ ಬಿಳಿ ಕಾರಿನೊಳಗೆ ತೂರಿಕೊಂಡು ಇಂಜಿನ್ ಚಾಲೂ ಮಾಡಿದರು. ಕೂರುವಾಗ ಮಂಡಿ ಎರಡೂ ಸ್ಟಿಯರಿಂಗ್ ಕೆಳಗೆ ಠಣ್ಣನೆ ಬಡಿದವು. ಒಂದರ ಮೇಲೊಂದು ಎರಡು ಉಣ್ಣೆಯ ಚಡ್ಡಿ ಹಾಕಿಕೊಂಡರೆ ಹೀಗೇ ಆಗುವುದು ಎಂದು ಗೊಣಗಿದರು. ಬಾಗಿಲ ಪಕ್ಕದ ಥರ್ಮಾಮೀಟರು ಸೊನ್ನೆಗಿಂತ ಇಪ್ಪತ್ತಮೂರು ಕೆಳಗೆ ತೋರಿಸುತ್ತಿತ್ತು. ಉತ್ತರ ತುದಿಯ ರಿಕುಬೆತ್ಸು ಊರಿನಲ್ಲಿ ಅದೇನೂ ದೊಡ್ಡ ಸುದ್ದಿಯಲ್ಲ. ಇಪ್ಪತ್ತೈದು ದಾಟಿದರೆ ಮಾತ್ರ ಪಕ್ಕದ ಮನೆಯವರ ಹತ್ತಿರ "ಇವತ್ತು ಸ್ವಲ್ಪ ಚಳಿ, ಅಲ್ವಾ?" ಎನ್ನುತ್ತಾರೆ.

ಇಂಜಿನ್ ಒಂದೇ ಏಟಿಗೆ ಎದ್ದಿತು. ಗೇರು ಹಾಕಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರು. ಮುಂದಿನ ಚಕ್ರಗಳು ಹಿಮದ ಮೇಲೆ ಗರಗರ ತಿರುಗಿದವು, ಹಿಂದಿನ ಎರಡು ಹಟಮಾರಿ ಕತ್ತೆಗಳ ಹಾಗೆ ನೆಲಕಚ್ಚಿ ನಿಂತವು. ಮೇಷ್ಟ್ರು ಇನ್ನೂ ಸ್ವಲ್ಪ ಒತ್ತಿದರು. ಕಾರು ನಡುಗಿತು, ಹೋಗಲಿಲ್ಲ. ಆಮೇಲೆ ಅವರ ಕಣ್ಣು ಎಡಗೈ ಪಕ್ಕಕ್ಕೆ ಹೋಯಿತು. ಹೋಗಿ ಅಲ್ಲೇ ನಿಂತಿತು.

ಹ್ಯಾಂಡ್‌ಬ್ರೇಕ್ ಮೇಲಕ್ಕೆ ಎಳೆದಿತ್ತು.

ಬೇರೆ ಕಡೆಯವರು ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯದಿದ್ದರೆ ತಪ್ಪು. ಈ ಸೀಮೆಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಎಳೆದರೆ ತಪ್ಪು. ಒದ್ದೆಯಾದ ಬ್ರೇಕು ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿ ಚಕ್ರದ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಗೇರು ಪಾರ್ಕಿಂಗಿಗೆ ಹಾಕಬೇಕು, ಚಕ್ರಕ್ಕೊಂದು ಮರದ ತುಂಡು ಕೊಡಬೇಕು, ಇಳಿಯಬೇಕು. ಇಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಇದು ಗೊತ್ತು. ಗೊತ್ತು ಮಾಡಿಸಿದವರೇ ಕುವಾನೊ ಮೇಷ್ಟ್ರು. ನಲವತ್ತೊಂದು ವರ್ಷ ಡ್ರೈವಿಂಗ್ ಶಾಲೆಯಲ್ಲಿ ಎಡಗಡೆ ಸೀಟಿನಲ್ಲಿ ಕೂತು, ಊರಿನ ಅರ್ಧ ಜನಕ್ಕೆ ಇದನ್ನು ಒಂಬತ್ತನೇ ಪಾಠ ಎಂದು ಬಾಯಿಪಾಠ ಮಾಡಿಸಿದ್ದರು. "ಚಳಿಗಾಲದಲ್ಲಿ ಹ್ಯಾಂಡ್‌ಬ್ರೇಕ್ ಮುಟ್ಟೋ ಕೈಯನ್ನ ಜೇಬಿನಲ್ಲಿ ಇಟ್ಕೊಳ್ಳಿ!" ಎಂದು ಅವರು ಗುಡುಗಿದ್ದು ನೆನಪಿರುವವರು ಊರಿನ ಅಂಚೆ ಕಚೇರಿಯಲ್ಲೂ ಇದ್ದಾರೆ, ಸ್ಮಶಾನದಲ್ಲೂ ಇದ್ದಾರೆ.

ಅವಮಾನ ಒಂದೇ ಆಗಿದ್ದರೆ ಮೇಷ್ಟ್ರು ನುಂಗಿಕೊಳ್ಳುತ್ತಿದ್ದರು. ಫಜೀತಿ ಇದ್ದದ್ದು ಅಡುಗೆಮನೆಯ ಫ್ರಿಜ್ಜಿನ ಬಾಗಿಲ ಮೇಲೆ. ಹೊಸವರ್ಷಕ್ಕೆ ಸಪ್ಪೊರೊದಿಂದ ಬಂದಿದ್ದ ಮಗಳು ಚಿಜುರು, ಮೋಚಿ ಎಂಬ ಅಕ್ಕಿ ಕಡುಬಿನ ಸಾರಿನ ಬಟ್ಟಲು ಕೆಳಗಿಟ್ಟು, "ಅಪ್ಪಾ, ಎಪ್ಪತ್ತೆಂಟಾಯ್ತು. ಲೈಸೆನ್ಸ್ ವಾಪಸ್ ಕೊಟ್ಬಿಡಿ" ಎಂದಿದ್ದಳು. ಅದಕ್ಕೆ ಬದಲಾಗಿ ಪೊಲೀಸರು ಒಂದು ಕಾರ್ಡು ಕೊಡುತ್ತಾರಂತೆ, ಅದನ್ನು ತೋರಿಸಿದರೆ ಟ್ಯಾಕ್ಸಿಯಲ್ಲಿ ರಿಯಾಯಿತಿಯಂತೆ.

"ಈ ಊರಲ್ಲಿರೋದೇ ಎರಡು ಟ್ಯಾಕ್ಸಿ," ಎಂದು ಮೇಷ್ಟ್ರು ರೇಗಿದ್ದರು. "ಎರಡನ್ನೂ ಓಡಿಸೋರು ನನಗಿಂತ ಮುದುಕ್ರು!"

ಮಾತು ಬೆಳೆಯಿತು. ಕೊನೆಗೆ ಮೇಷ್ಟ್ರು ಎದೆ ತಟ್ಟಿಕೊಂಡು, "ಈ ಚಳಿಗಾಲದಲ್ಲಿ ನಾನು ಒಂದೇ ಒಂದು ತಪ್ಪು ಮಾಡಿದೆ ಅಂದ್ರೆ ಲೈಸೆನ್ಸ್ ನಿನ್ನ ಕೈಗೆ ಕೊಡ್ತೀನಿ. ಎರಡನೇ ತಪ್ಪಿನವರೆಗೂ ಕಾಯೋದಿಲ್ಲ" ಎಂದರು. ಮಗಳು ಅದನ್ನು ಕಾಗದದ ಮೇಲೆ ಬರೆಸಿಕೊಂಡು, ಸಹಿ ಹಾಕಿಸಿ, ಏಡಿಯ ಆಕಾರದ ಅಯಸ್ಕಾಂತ ಇಟ್ಟು ಫ್ರಿಜ್ಜಿಗೆ ಅಂಟಿಸಿ ಹೋಗಿದ್ದಳು. ಇವತ್ತು ಅದೇ ಚಿಜುರು ಹತ್ತು ನಲವತ್ತರ ಬಸ್ಸಿಗೆ ಬರುವವಳಿದ್ದಳು. ಅವಳನ್ನು ಹತ್ತಿಸಿಕೊಂಡು ಮೂವರೂ ಕೆರೆಯಂಚಿನ ಬಿಸಿನೀರಿನ ಬುಗ್ಗೆಯ ಹೋಟೆಲಿಗೆ ಹೋಗಬೇಕು. ಹೆಂಡತಿ ಫುಮಿಯೆಗೆ ಇವತ್ತಿಗೆ ಎಪ್ಪತ್ತಮೂರು ತುಂಬಿತು, ಹನ್ನೆರಡೂವರೆಗೆ ಹುಟ್ಟುಹಬ್ಬದ ಊಟ ಹೇಳಿಯಾಗಿದೆ.

ಮೇಷ್ಟ್ರು ಸುತ್ತ ನೋಡಿದರು. ಯಾರೂ ಇರಲಿಲ್ಲ. ಕಳ್ಳನ ಹಾಗೆ ಹ್ಯಾಂಡ್‌ಬ್ರೇಕನ್ನು ಕೆಳಕ್ಕಿಳಿಸಿದರು. ಅದು ಹಿಡಿತವಿಲ್ಲದೆ ಸತ್ತ ಮೀನಿನ ಬಾಲದಂತೆ ಜೋಲು ಬಿದ್ದಿತು. ಬ್ರೇಕಿನ ತಂತಿಯೂ ಹೆಪ್ಪುಗಟ್ಟಿದೆ ಎಂದು ಅವರಿಗೆ ತಿಳಿಯಿತು.

ಯಾವಾಗ ಎಳೆದೆ? ಮೊನ್ನೆ ಮನೆಯ ಹೀಟರಿಗೆ ಡಬ್ಬದಲ್ಲಿ ಸೀಮೆಎಣ್ಣೆ ತುಂಬಿಸಿಕೊಂಡು ಬಂದಾಗ. ಆಮೇಲೆ ಕಾರು ಮುಟ್ಟಿಲ್ಲ. ನಿನ್ನೆ ಬುಧವಾರ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪಕ್ಕದ ಬೀದಿಯ ಸಮುದಾಯ ಭವನದಲ್ಲಿ ಶೋಗಿ ಚದುರಂಗದ ಆಟ, ನಡೆದೇ ಹೋಗಿ ಬಂದಿದ್ದು. ಮೊನ್ನೆ ಕಾರು ನಿಲ್ಲಿಸಿದೆ, ಗೇರು ಹಾಕಿದೆ, ಡಬ್ಬ ಇಳಿಸಿದೆ... ಆ ಗೇರಿಗೂ ಡಬ್ಬಕ್ಕೂ ನಡುವೆ ಕೈ ಏನು ಮಾಡಿತು? ಎಷ್ಟು ತಲೆ ಕೆರೆದುಕೊಂಡರೂ ಆ ಜಾಗ ಬೆಳ್ಳಗೆ, ಹಿಮದ ಹೊಲದ ಹಾಗೆ ಖಾಲಿಯಿತ್ತು. ಅವರಿಗೆ ಹೆದರಿಕೆಯಾಯಿತು.

ಹೆದರಿಕೆಯನ್ನು ಬದಿಗಿಟ್ಟು ಕೆಲಸಕ್ಕಿಳಿದರು. ಮೊದಲನೆಯ ಉಪಾಯ ಸುಲಭದ್ದು: ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ, ಮೆಲ್ಲಗೆ ತೂಗುವುದು. ಅದೃಷ್ಟವಿದ್ದರೆ ಅಂಟಿದ್ದು ಠಪ್ಪೆಂದು ಬಿಡುತ್ತದೆ. ನಾಲ್ಕು ಸಲ ತೂಗುವಷ್ಟರಲ್ಲಿ ಅಡುಗೆಮನೆಯ ಕಿಟಕಿ ತೆರೆಯಿತು. ಫುಮಿಯೆಯ ಮುಖ ಹಬೆಯ ಜೊತೆ ಹೊರಗೆ ಬಂತು.

"ರೀ, ಏನದು? ಕಾರನ್ನ ಮಲಗಿಸ್ತಾ ಇದೀರಾ, ಎಬ್ಬಿಸ್ತಾ ಇದೀರಾ?"

"ಇಂಜಿನ್ ಬಿಸಿ ಮಾಡ್ತಾ ಇದೀನಿ!"

"ತೂಗಿದ್ರೆ ಬಿಸಿಯಾಗತ್ತಾ?"

"ನಿನಗೇನು ಗೊತ್ತು, ಕಿಟಕಿ ಹಾಕು, ಶಾಖ ಹೊರಗೆ ಹೋಗತ್ತೆ."

ಬೇರೆ ದಿನವಾಗಿದ್ದರೆ ಆಕೆ ಇನ್ನೂ ಎರಡು ಮಾತು ಆಡಿಯೇ ಕಿಟಕಿ ಮುಚ್ಚುತ್ತಿದ್ದರು. ಇವತ್ತು ಸುಮ್ಮನೆ ಮುಚ್ಚಿಕೊಂಡರು. ಮೇಷ್ಟ್ರಿಗೆ ಅದನ್ನು ಗಮನಿಸುವಷ್ಟು ಪುರುಸೊತ್ತಿರಲಿಲ್ಲ.

ಎರಡನೆಯ ಉಪಾಯ, ಚಕ್ರದ ಒಳಗಿನ ಡ್ರಮ್ಮಿಗೆ ಹದವಾಗಿ ಬಡಿಯುವುದು. ಕಬ್ಬಿಣದ ಸುತ್ತಿಗೆ ತಂದರೆ ಸದ್ದು ಇಡೀ ಬೀದಿಗೆ ಕೇಳುತ್ತದೆ. ಶೆಡ್ಡಿನಲ್ಲಿ ಮೋಚಿ ಕುಟ್ಟುವ ಮರದ ಕೊಡತಿ ಇತ್ತು, ಹೊಸವರ್ಷಕ್ಕೆ ಬಳಸಿ ತೊಳೆದು ಒಣಗಿಸಿಟ್ಟಿದ್ದು. ಅದು ಎರಡೂ ಕೈಯಲ್ಲಿ ಎತ್ತಿ ಮೇಲಿನಿಂದ ಕೆಳಕ್ಕೆ ಹಾಕುವಂಥದ್ದು. ಕಾರಿನ ಕೆಳಗೆ ಮಲಗಿ ಅಡ್ಡಡ್ಡ ಬೀಸುವಂಥದ್ದಲ್ಲ. ಮೂರನೇ ಏಟಿಗೆ ಮಡ್‌ಗಾರ್ಡಿನೊಳಗೆ ಕಟ್ಟಿಕೊಂಡಿದ್ದ ಹಿಮದ ಗಡ್ಡೆ ಕಳಚಿ ಮೇಷ್ಟ್ರ ಕುತ್ತಿಗೆಯೊಳಗೆ ಇಳಿಯಿತು. ಅವರು ಆಡಿದ ಮಾತನ್ನು ನಲವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಆಡಿರಲಿಲ್ಲ.

ಮೂರನೆಯದು ಬಿಸಿಗಾಳಿ. ಮೇಷ್ಟ್ರು ಹೊಸ್ತಿಲಲ್ಲಿ ಬೂಟು ಕಳಚಿ, ಬೆಕ್ಕಿನ ಹೆಜ್ಜೆಯಲ್ಲಿ ಬಚ್ಚಲಿಗೆ ಹೋಗಿ, ಕನ್ನಡಿ ಪಕ್ಕದ ಹೇರ್ ಡ್ರೈಯರನ್ನು ಕೋಟಿನೊಳಗೆ ಅಡಗಿಸಿಕೊಂಡು ಹೊರಬರುವಾಗ ಫುಮಿಯೆ ಎದುರಿಗೇ ನಿಂತಿದ್ದರು.

"ಅದೇನು ಕೋಟಿನೊಳಗೆ?"

"ಡ್ರೈಯರ್ರು."

"ತಲೇಲಿರೋ ನಾಲ್ಕು ಕೂದಲಿಗಾ?"

"ಮಗಳು ಬರ್ತಾಳೆ. ನೀಟಾಗಿರ್ಬೇಡ್ವಾ?"

"ಹೊರಗೆ ಹೋಗಿ ಒಣಗಿಸ್ಕೋತೀರಾ?"

"ಒಳಗೆ ಕೂದಲು ಉದುರತ್ತೆ!" ಎಂದು ಮೇಷ್ಟ್ರು ಸರ್ರನೆ ಬೂಟು ಹಾಕಿಕೊಂಡರು. ಫುಮಿಯೆ ಬಾಯಿ ತೆರೆದವರು ಏನೋ ಹೇಳಲು ಹೋಗಿ, ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಒರೆಸಿದ್ದ ಗೋಡೆಯನ್ನು ಇನ್ನೊಮ್ಮೆ ಒರೆಸಿದರು.

ಉದ್ದನೆಯ ವೈರು ಎಳೆದು, ಚಕ್ರದ ಸುತ್ತ ಹಳೆಯ ರಜಾಯಿ ಗುಡಾರದಂತೆ ಹೊದಿಸಿ, ಮೇಷ್ಟ್ರು ಅದರೊಳಗೆ ತಲೆ ತೂರಿಸಿ ಗಾಳಿ ಬಿಡತೊಡಗಿದರು. ಹೊರಗೆ ಅವರ ಬೂಟುಗಾಲು ಎರಡೇ ಕಾಣುತ್ತಿದ್ದವು. ಹತ್ತು ನಿಮಿಷ ಕಳೆದಿರಬೇಕು, ಆ ಬೂಟುಗಳ ಹತ್ತಿರ ಇನ್ನೆರಡು ಬೂಟು ಬಂದು ನಿಂತವು.

"ಮೇಷ್ಟ್ರೇ, ನಮಸ್ಕಾರ. ಕಾರಿಗೆ ಜ್ವರಾನಾ?"

ಎದುರು ಮನೆಯ ಹಿರಾಗಾ. ವಯಸ್ಸು ಅರವತ್ತೊಂದು, ಕೊಟ್ಟಿಗೆಯಲ್ಲಿ ನಲವತ್ತು ಹಸು. ಮೂವತ್ತೆಂಟು ವರ್ಷದ ಹಿಂದೆ ಇದೇ ಮೇಷ್ಟ್ರ ಕೈಯಲ್ಲಿ ನಾಲ್ಕು ಸಲ ಫೇಲಾಗಿ ಐದನೇ ಸಲ ಪಾಸಾದವನು. ಇವತ್ತಿಗೂ ಮೇಷ್ಟ್ರನ್ನು ಕಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಈಗ ಅವನ ಕೈಯಲ್ಲಿ ಹಬೆಯಾಡುವ ಒಂದು ದೊಡ್ಡ ಕೆಟಲು ಇತ್ತು.

ಮೇಷ್ಟ್ರು ರಜಾಯಿಯಿಂದ ತಲೆ ಹೊರಗೆ ತೆಗೆದರು. "ಅದೇನಯ್ಯಾ ಕೈಯಲ್ಲಿ? ಬಿಸಿನೀರಾ? ಬ್ರೇಕಿಗೆ ಬಿಸಿನೀರು ಹಾಕೋಕೆ ಬಂದ್ಯಾ? ಏಳನೇ ಪಾಠ ಏನು? ಹೇಳು!"

ಹಿರಾಗಾ ಕೆಟಲು ಸಮೇತ ನೆಟ್ಟಗೆ ನಿಂತ. "ಇವತ್ತಿನ ಬಿಸಿನೀರು ಇನ್ನು ಹತ್ತು ನಿಮಿಷಕ್ಕೆ ಮಂಜುಗಡ್ಡೆ, ಮೇಷ್ಟ್ರೇ!"

"ಮತ್ತೆ?"

"ತಪ್ಪಾಯ್ತು, ಮೇಷ್ಟ್ರೇ." ಅವನು ಕೆಟಲನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ಅತ್ತಿತ್ತ ನೋಡಿ, "ಅಲ್ಲ... ಹಿಂದಿನ ಎರಡೂ ಚಕ್ರ ಹಿಡ್ಕೊಂಡಿದೆ. ಇದು... ಒಂಬತ್ತನೇ ಪಾಠ ಅಲ್ವಾ?" ಎಂದ.

ಮೇಷ್ಟ್ರ ಮುಖ ಚಳಿಯಲ್ಲೂ ಕೆಂಪಾಯಿತು. "ಬೇರಿಂಗು," ಎಂದರು.

"ಎರಡೂ ಕಡೇದಾ? ಒಟ್ಟಿಗೇನಾ?"

"ಒಟ್ಟಿಗೇ ತಗೊಂಡಿದ್ದು, ಒಟ್ಟಿಗೇ ಹೋಗಿದೆ! ನಿನಗೆ ಹಾಲು ಕರೆಯೋ ಕೆಲಸ ಇಲ್ವಾ?"

"ಐದು ಗಂಟೆಗೇ ಮುಗೀತು," ಎಂದ ಹಿರಾಗಾ. ಅವನ ಕಣ್ಣು ಅಡುಗೆಮನೆಯ ಕಿಟಕಿಯ ಕಡೆ ಹೋಯಿತು. ಕಿಟಕಿಯ ಹಿಂದೆ ಫುಮಿಯೆ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸುತ್ತಿದ್ದರು. ಮೇಷ್ಟ್ರು ತಿರುಗುವಷ್ಟರಲ್ಲಿ ಆ ಕೈಗಳು ಗಾಜು ಒರೆಸತೊಡಗಿದ್ದವು.

"ಇವತ್ತೇನು ಇವಳಿಗೆ ಒರೆಸೋ ಹುಚ್ಚು!" ಎಂದುಕೊಂಡರು ಮೇಷ್ಟ್ರು.

ಗಂಟೆ ಹತ್ತಾಯಿತು, ಹತ್ತೂಕಾಲಾಯಿತು. ಡ್ರೈಯರು ಬಿಸಿಯಾಗಿ ತನ್ನಷ್ಟಕ್ಕೆ ತಾನೇ ನಿಂತು, ತಣ್ಣಗಾಗಿ, ಮತ್ತೆ ಹೊರಟಿತು. ಎಡಗಡೆಯ ಚಕ್ರದಿಂದ ಒಂದೆರಡು ಹನಿ ನೀರು ತೊಟ್ಟಿಕ್ಕಿತು ಅಷ್ಟೇ. ಹಿರಾಗಾ ಗಂಟಲು ಸರಿಮಾಡಿಕೊಂಡು, ಚಿಜುರುವನ್ನು ತಾನು ಹೋಗಿ ಕರೆತರುತ್ತೇನೆ, ಹಾಲಿನ ಕ್ಯಾನು ಸಾಗಿಸುವ ತನ್ನ ಪುಟ್ಟ ಟ್ರಕ್ಕಿನಲ್ಲಿ ಒಬ್ಬರು ಕೂರುವಷ್ಟು ಜಾಗ ಇದೆ ಎಂದ. ಮೇಷ್ಟ್ರಿಗೆ ಬೇರೆ ದಾರಿಯಿರಲಿಲ್ಲ.

"ಹೋಗು. ಅವಳು ಕೇಳಿದ್ರೆ ಏನಂತೀಯ?"

"ಬೇರಿಂಗು ಅಂತೀನಿ, ಮೇಷ್ಟ್ರೇ."

"ಎರಡೂ ಕಡೇದು?"

"ಒಟ್ಟಿಗೇ ತಗೊಂಡಿದ್ದು," ಎಂದು ಹಿರಾಗಾ ನಗದೆ ಹೇಳಿ ಹೋದ. ಅವನು ನಗದೆ ಇದ್ದದ್ದೇ ಮೇಷ್ಟ್ರಿಗೆ ಚುಚ್ಚಿತು.

ಒಬ್ಬರೇ ಉಳಿದ ಮೇಲೆ ಮೇಷ್ಟ್ರು ಎಡಚಕ್ರಕ್ಕೆ ಕೊನೆಯದಾಗಿ ಕೊಡತಿಯಿಂದ ಒಂದು ಏಟು ಹಾಕಿದರು. ಒಳಗೆಲ್ಲೋ ಟಕ್ಕೆಂದಿತು. ಕೈಯಿಂದ ತಿರುವಿ ನೋಡಿದರೆ ಕೂದಲೆಳೆಯಷ್ಟು ಅಲುಗಿತು. ಒಂದು ಬಿಟ್ಟಿತು! ಹುರುಪಿನಿಂದ ತೆವಳಿಕೊಂಡು ಬಲಗಡೆಗೆ ಹೋಗಿ, ಟಾರ್ಚು ಹಾಕಿ ಚಕ್ರದ ಹಿಂಬದಿಯನ್ನು ನೋಡಿದರು. ಅಲ್ಲಿ ಬೂದುಬಣ್ಣದ, ಮರಳು ಬೆರೆತ ಮಂಜಿನ ಗಡ್ಡೆ ಗಟ್ಟಿಯಾಗಿ ಅಂಟಿತ್ತು. ರಸ್ತೆಯ ಹಿಮ ಕರಗಿ ರಾಡಿಯಾದ ದಿನ ಓಡಿಸಿದರೆ ಚಕ್ರ ಎರಚಿ ಅಂಟಿಸುವ ಗಡ್ಡೆ.

ಮೇಷ್ಟ್ರು ಅದನ್ನು ನೋಡುತ್ತಾ ಬಿದ್ದುಕೊಂಡರು. ಮೊನ್ನೆ ರಾಡಿ ಎಲ್ಲಿತ್ತು? ಮೊನ್ನೆ ಇಡೀ ದಿನ ಸೊನ್ನೆಗಿಂತ ಹನ್ನೆರಡು ಕೆಳಗಿತ್ತು, ರಸ್ತೆ ಹುರಿಗಡಲೆಯ ಹಾಗೆ ಒಣಗಿತ್ತು. ಬಿಸಿಲು ಬಿದ್ದು ಕರಗಿದ್ದು ನಿನ್ನೆ. ಶೋಗಿ ಆಡಲು ಹೋಗುವಾಗ ಬೂಟು ಒದ್ದೆಯಾಗಿತ್ತಲ್ಲ! ಸಂಜೆಯ ಮೇಲೆ ಒಮ್ಮೆಲೇ ಚಳಿ ಏರಿತು.

ಹಾಗಾದರೆ ಈ ಕಾರು ನಿನ್ನೆ ಹೊರಗೆ ಹೋಗಿದೆ.

ಅವರು ದಡಬಡಿಸಿ ಎದ್ದು, ತಲೆಯನ್ನು ಒಮ್ಮೆ ಬಂಪರಿಗೆ ಬಡಿಸಿಕೊಂಡು, ಡ್ರೈವರ್ ಸೀಟಿನಲ್ಲಿ ಹೋಗಿ ಕೂತರು. ಮಂಡಿ ಮತ್ತೆ ಠಣ್ಣೆಂದಿತು. ಚಡ್ಡಿಯಲ್ಲ! ಸೀಟು ಮುಂದಕ್ಕೆ ಬಂದಿದೆ. ಸೀಟಿನ ಹಳಿಯ ಮೂರು ಹಲ್ಲು ಮುಂದಕ್ಕೆ. ಕನ್ನಡಿಯೂ ಕೆಳಗೆ ವಾಲಿದೆ. ನಲವತ್ತೊಂದು ವರ್ಷ ಪ್ರತಿಯೊಬ್ಬನಿಗೂ ಮೊದಲನೇ ಪಾಠವಾಗಿ 'ಮೊದಲು ಸೀಟು, ಆಮೇಲೆ ಕನ್ನಡಿ' ಎಂದು ಹೇಳಿಕೊಟ್ಟ ಮನುಷ್ಯ ಬೆಳಿಗ್ಗೆ ಅದನ್ನೇ ನೋಡಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅದು ಅವರಿಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ: ಎಳೆದದ್ದು ನಾನಲ್ಲ! ನಾನಲ್ಲ! ಎಪ್ಪತ್ತೆಂಟರ ಮೇಷ್ಟ್ರು ಕಾರಿನಿಂದ ಇಳಿದು ಹಿಮದಲ್ಲಿ ಒಂದು ಸಣ್ಣ ಕುಪ್ಪಳಿಕೆ ಹಾಕಿದರು.

ಕುಪ್ಪಳಿಸಿ ಇಳಿದಾಗ ಎದುರಿಗೆ ಫುಮಿಯೆ, ಕೈಯಲ್ಲಿ ಚಹಾದ ಲೋಟ.

"ಸೀಟು ಹಿಂದಕ್ಕೆ ಹಾಕೋದು ಮರೆತೆ, ಅಲ್ವಾ," ಎಂದರು ಆಕೆ.

"ನೀನಾ!"

"ನಾನೇ. ಹ್ಯಾಂಡ್‌ಬ್ರೇಕೂ ನಾನೇ ಇರ್ಬೇಕು. ಎಳೆದದ್ದು ನನಗೆ ಗೊತ್ತೇ ಆಗಿಲ್ಲ ಕಣ್ರೀ. ನಾನು ಕಲಿತದ್ದು ನಾಗಸಾಕೀಲಿ, ನಿಮಗೆ ಗೊತ್ತಲ್ಲ. ನಮ್ಮೂರಲ್ಲಿ ಚಪ್ಪಟೆ ರಸ್ತೆ ಅನ್ನೋದೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೀದೆ ಇಳಿದ್ರೆ ಕಾರು ನೇರ ಸಮುದ್ರಕ್ಕೆ ಹೋಗ್ತಿತ್ತು. ಐವತ್ತು ವರ್ಷ ಆದ್ರೂ ಕೈಯಿಂದ ಆ ಅಭ್ಯಾಸ ಹೋಗಿಲ್ಲ ನೋಡಿ."

ಫುಮಿಯೆಗೆ ಲೈಸೆನ್ಸ್ ಇತ್ತು. ತಪ್ಪು ಮಾಡದವರಿಗೆ ಕೊಡುವ ಚಿನ್ನದ ಪಟ್ಟಿಯ ಲೈಸೆನ್ಸು. ಮದುವೆಯಾಗಿ ಈ ಉತ್ತರದ ತುದಿಗೆ ಬಂದಮೇಲೆ ಮೇಷ್ಟ್ರು ತಿಳಿದಂತೆ ಒಂದು ದಿನವೂ ಓಡಿಸಿರಲಿಲ್ಲ, ಹಾಗಾಗಿ ತಪ್ಪು ಮಾಡಲು ಅವಕಾಶವೇ ಸಿಕ್ಕಿರಲಿಲ್ಲ. ಅವಧಿ ಮುಗಿದಾಗಲೆಲ್ಲ ಹೋಗಿ ನವೀಕರಿಸಿಕೊಂಡು ಬಂದು ಡ್ರಾಯರಿನಲ್ಲಿ ಇಡುತ್ತಿದ್ದರು.

"ಎಷ್ಟು ದಿನದಿಂದ ನಡೀತಿದೆ ಇದು?"

"ನವೆಂಬರಿಂದ. ಬುಧವಾರ, ಶನಿವಾರ. ನೀವು ಶೋಗಿಗೆ ಹೋದ್ಮೇಲೆ. ಹಿರಾಗಾ ಪಕ್ಕದಲ್ಲಿ ಕೂತು ಹೇಳ್ಕೊಡ್ತಾನೆ."

"ಹಿರಾಗಾ! ನಾಲ್ಕು ಸಲ ಫೇಲಾದೋನು!"

"ಅದಕ್ಕೇ ಅವನಿಗೆ ತಾಳ್ಮೆ ಜಾಸ್ತಿ. ನಿಮ್ಮನ್ನೂ ಕೇಳಿದ್ದೆ. ಮದುವೆಯಾದ ಮೊದಲನೇ ಚಳಿಗಾಲದಲ್ಲಿ. 'ಹೆಂಡ್ತಿಗೆ ಡ್ರೈವಿಂಗ್ ಕಲಿಸಿ ಸಂಸಾರ ಹಾಳುಮಾಡ್ಕೊಂಡ ಮೂವರು ಮೇಷ್ಟ್ರು ನನಗೆ ಗೊತ್ತು' ಅಂದ್ರಿ. ಆಮೇಲೆ ನಾನು ಕೇಳ್ಲಿಲ್ಲ."

ಮೇಷ್ಟ್ರು ಲೋಟ ತೆಗೆದುಕೊಂಡರು. ಆ ಮಾತು ಆಡಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಊರೆಲ್ಲ ಹೇಳಿ ನಗಿಸಿದ್ದೂ ನೆನಪಿತ್ತು.

"ಈಗ್ಯಾಕೆ ಶುರುಮಾಡ್ದೆ?"

"ಮತ್ತೇನು ಮಾಡ್ಲಿ? ಇವತ್ತಲ್ಲ ನಾಳೆ ನೀವು ಬಿಡ್ಲೇಬೇಕು. ಆಮೇಲೆ ನಾವಿಬ್ರೂ ಆ ಎರಡು ಟ್ಯಾಕ್ಸಿ ಮುದುಕ್ರನ್ನ ಕಾಯ್ತಾ ಕೂರ್ಬೇಕಾ? ಚಿಜುರುಗೆ ಗೊತ್ತಿಲ್ಲ. ಈ ವಯಸ್ಸಲ್ಲಿ ಸ್ಟಿಯರಿಂಗ್ ಹಿಡಿದೆ ಅಂತ ಗೊತ್ತಾದ್ರೆ ನನ್ನ ಲೈಸೆನ್ಸನ್ನೂ ನಿಮ್ಮದರ ಜೊತೇಲಿ ಕಿತ್ಕೊಂಡು ಹೋಗ್ತಾಳೆ." ಆಕೆ ಮೂಗು ಒರೆಸಿಕೊಂಡರು. "ಆದ್ರೂ ಹೇಳ್ಬಿಡಿ ಅವಳಿಗೆ. ತಪ್ಪು ನಂದು. ನಿಮ್ಮ ಮಾತು ನಿಮಗೆ ಉಳೀತು. ನಾನು ಇನ್ನು ಮುಟ್ಟೋದಿಲ್ಲ."

ಮೇಷ್ಟ್ರು ಚಹಾ ಕುಡಿದು ಮುಗಿಸಿದರು. "ಮೊದಲು ಇದನ್ನ ಬಿಡಿಸೋಣ," ಎಂದರು. "ಹೋಗಿ ಕೂತ್ಕೋ. ನೋಡ್ತೀನಿ, ಆ ಹಿರಾಗಾ ಅದೇನು ಕಲಿಸಿದಾನೋ."

ಅವರು ಬಲಚಕ್ರದ ಹತ್ತಿರ ಡ್ರೈಯರು, ಕೊಡತಿ ಹಿಡಿದು ಕೂತರು. ಐದು ನಿಮಿಷ ಬಿಸಿಗಾಳಿ, ಎರಡು ಏಟು, ಆಮೇಲೆ ದೂರ ಸರಿದು "ರಿವರ್ಸ್... ಸ್ವಲ್ಪ... ಬಿಡು... ಈಗ ಮುಂದಕ್ಕೆ" ಎಂದು ಕೈಸನ್ನೆ. ಮೇಷ್ಟ್ರ ಕಿವಿ ಇಂಜಿನ್ನಿನ ಮೇಲಿತ್ತು. ಇಷ್ಟು ವರ್ಷ ಅವರು ಆಕ್ಸಿಲರೇಟರಿನ ಮೇಲಿನ ಕಾಲನ್ನು ಸದ್ದಿನಿಂದಲೇ ಅಳೆದವರು. ಕುಣಿಯುವ ಕಾಲು, ಹೆದರುವ ಕಾಲು, ಹಟದ ಕಾಲು ಎಲ್ಲ ಅವರಿಗೆ ಗೊತ್ತು. ಇದು ತೂಗಿ ಇಡುವ ಕಾಲು. ಎಲ್ಲಿ ಒತ್ತಬೇಕೋ ಅಲ್ಲಿಗೆ ನಿಂತು ಕಾಯುತ್ತದೆ. ಇಂಥ ಕಾಲು ನೂರರಲ್ಲಿ ಒಬ್ಬರಿಗೆ. ನಲವತ್ತೊಂಬತ್ತು ವರ್ಷ ಅದು ತಮ್ಮ ಅಡುಗೆಮನೆಯಲ್ಲೇ ಓಡಾಡುತ್ತಿತ್ತು.

ನಾಲ್ಕನೇ ಸಲಕ್ಕೆ ಠಪ್! ಬಲಚಕ್ರ ಬಿಟ್ಟಿತು. ಕಾರು ಒಂದು ಮಾರು ಹಿಂದಕ್ಕೆ ಬಂದು, ಜರ್ಕಿಲ್ಲದೆ ನಿಂತಿತು.

"ಬಿಟ್ಟಿತು ಕಣ್ರೀ!" ಎಂದು ಫುಮಿಯೆ ಒಳಗಿನಿಂದ ಕೂಗಿದರು. ಕೂಗುತ್ತಲೇ ಆಕೆಯ ಎಡಗೈ ಹ್ಯಾಂಡ್‌ಬ್ರೇಕಿನ ಮೇಲೆ ಹೋಯಿತು.

"ಏ! ಏ! ಕೈ!" ಎಂದು ಮೇಷ್ಟ್ರು ಕೊಡತಿ ಎತ್ತಿಕೊಂಡು ಓಡಿದರು. ಆಕೆ ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದು, ಕೆಳಗಿಳಿದು ದೂರ ನಿಂತರು.

ಅದೇ ಹೊತ್ತಿಗೆ ಹಾಲಿನ ಟ್ರಕ್ಕು ಬಂದು ನಿಂತಿತು. ಚಿಜುರು ಇಳಿದಳು. ನಲವತ್ತಾರು ವರ್ಷ, ನಗರಸಭೆಯಲ್ಲಿ ಕೆಲಸ, ಮನೆಯಿಂದ ಕಚೇರಿಗೆ ಸುರಂಗದ ರೈಲು. ಇಪ್ಪತ್ತನೇ ವಯಸ್ಸಿನಲ್ಲಿ ಅಪ್ಪನ ಹತ್ತಿರ ಮೂರು ದಿನ ಡ್ರೈವಿಂಗ್ ಕಲಿತು, ನಾಲ್ಕನೇ ದಿನ ಸ್ಟಿಯರಿಂಗ್ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಆಣೆ ಹಾಕಿ, ಆ ಆಣೆಯನ್ನು ಉಳಿಸಿಕೊಂಡು ಬಂದವಳು. ಅವಳು ಕೊಡತಿ ನೋಡಿದಳು. ರಜಾಯಿ ನೋಡಿದಳು. ಕಾರಿನ ಕೆಳಗೆ ಇನ್ನೂ ಗುಂಯ್‌ಗುಡುತ್ತಿದ್ದ ಹೇರ್ ಡ್ರೈಯರ್ ನೋಡಿದಳು. ಕಾರು ಓಡಿಸದಿದ್ದರೂ ಅವಳು ಮೇಷ್ಟ್ರ ಮಗಳು.

"ಬೇರಿಂಗು ಅಂದ್ರು ಹಿರಾಗಾ ಅಣ್ಣ," ಎಂದಳು. "ಹ್ಯಾಂಡ್‌ಬ್ರೇಕ್ ಎಳೆದೋರು ಯಾರು?"

ಹಿರಾಗಾ ಆಕಾಶದಲ್ಲಿ ಏನೋ ಹುಡುಕತೊಡಗಿದ. ಫುಮಿಯೆ ಒಂದು ಹೆಜ್ಜೆ ಮುಂದಿಟ್ಟು, "ಅದು, ಚಿಜುರು..." ಎಂದರು.

"ನಾನು," ಎಂದರು ಮೇಷ್ಟ್ರು.

"ರೀ..."

"ನೀನು ಸುಮ್ನಿರು. ನಾನು ಎಳೆದೆ. ಮರೆತು ಎಳೆದೆ." ಅವರು ಕೋಟಿನ ಒಳಜೇಬಿನಿಂದ ಲೈಸೆನ್ಸ್ ತೆಗೆದು ಮಗಳ ಕೈಯಲ್ಲಿಟ್ಟರು. ಚಳಿಗೆ ಬೆರಳು ಮರಗಟ್ಟಿದ್ದರಿಂದ ಅದು ಬೇಗ ಕೈಬಿಟ್ಟು ಹೋಗಲಿಲ್ಲ, ಮಗಳು ಸ್ವಲ್ಪ ಎಳೆಯಬೇಕಾಯಿತು. "ಫ್ರಿಜ್ ಮೇಲೆ ಬರೆದಿದೆಯಲ್ಲ. ಎರಡನೇ ತಪ್ಪಿಗೆ ಕಾಯೋದಿಲ್ಲ ಅಂತ."

ಗೆದ್ದೆ ಎಂದು ನಗಬೇಕಾಗಿದ್ದ ಚಿಜುರುವಿನ ಮುಖ ಚಿಕ್ಕದಾಯಿತು. ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇವತ್ತೇ ಕೊಡಿ ಅಂದೆನಾ ಅಪ್ಪಾ? ಈಗ ಅಲ್ಲಿಗೆ ಹೇಗೆ ಹೋಗೋದು? ಹನ್ನೆರಡೂವರೆಗೆ ಊಟ ಹೇಳಿದೀನಿ."

"ನಿಮ್ಮಮ್ಮ ಕರ್ಕೊಂಡು ಹೋಗ್ತಾಳೆ."

"ಅಮ್ಮಾನಾ? ಕಾರಾ?"

"ಚಿನ್ನದ ಪಟ್ಟಿ ಲೈಸೆನ್ಸು ಕಣೇ ಅವಳದ್ದು. ಈ ಮನೇಲಿ ತಪ್ಪು ಮಾಡದೆ ಇರೋಳು ಅವಳೊಬ್ಬಳೇ. ನವೆಂಬರಿಂದ ತಾಲೀಮು ಮಾಡ್ತಿದಾಳೆ. ನಾನು ನೋಡಿದೀನಿ. ಪಾಸು."

'ಪಾಸು' ಎಂಬ ಮಾತು ಕೇಳಿ ಹಿರಾಗಾನ ಬಾಯಿ ತೆರೆದುಕೊಂಡಿತು. ಅವನು ಆ ಮಾತಿಗೆ ಐದು ಪರೀಕ್ಷೆ ಕಾದಿದ್ದ. "ಅಮ್ಮಾವ್ರಿಗೆ ಮೊದಲನೇ ಸಲಕ್ಕೇನಾ, ಮೇಷ್ಟ್ರೇ?" ಎಂದ.

"ಕಲಿಸಿದೋನು ಚೆನ್ನಾಗಿದ್ದ," ಎಂದರು ಮೇಷ್ಟ್ರು, ಅವನ ಮುಖ ನೋಡದೆ. ಹಿರಾಗಾ ಕೆಮ್ಮಿದ, ಟ್ರಕ್ಕಿನ ಬಾಗಿಲನ್ನು ಸುಮ್ಮಸುಮ್ಮನೆ ತೆಗೆದು ಹಾಕಿದ, ಕಣ್ಣೊರೆಸಿಕೊಂಡು ಹಸುಗಳ ಕಡೆ ಹೋದ.

ಹೀಗೆ ಕುವಾನೊ ಮೇಷ್ಟ್ರು ಮತ್ತೆ ಎಡಗಡೆ ಸೀಟಿನಲ್ಲಿ ಕೂತರು. ಮೊದಲ ಎರಡು ಮೈಲಿ ಬ್ರೇಕನ್ನು ಲಘುವಾಗಿ ಒತ್ತಿ ಒತ್ತಿ ಬಿಡು, ಒಳಗಿನ ತೇವ ಒಣಗಲಿ ಎಂದರು. ಫುಮಿಯೆ ಹಾಗೇ ಮಾಡಿದರು. ಹಿಂದಿನ ಸೀಟಿನಲ್ಲಿ ಚಿಜುರು ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಪ್ರತಿ ತಿರುವಿಗೂ ಉಸಿರು ಬಿಗಿಹಿಡಿದು, ಐದನೇ ತಿರುವಿಗೆ ಉಸಿರು ಬಿಟ್ಟು, ಹತ್ತನೆಯದಕ್ಕೆ ನಿದ್ದೆಹೋದಳು. ಬೆಳಗಿನ ಮೊದಲ ಬಸ್ಸಿಗೆ ಎದ್ದವಳು. ಎರಡೂ ಕಡೆ ಬರ್ಚ್ ಮರಗಳು, ನಡುವೆ ಬಿಳಿ ರಸ್ತೆ.

"ಕಾಲು ತೆಗೀರಿ," ಎಂದರು ಫುಮಿಯೆ.

"ಯಾವ ಕಾಲು?"

"ನಿಮ್ಮ ಬಲಗಾಲು. ಆಗಿಂದ ನೆಲಾನ ಒತ್ತಿ ಒತ್ತಿ ಇಡ್ತಾ ಇದೀರಿ. ಅಲ್ಲಿ ಬ್ರೇಕಿಲ್ಲ. ಇದು ಡ್ರೈವಿಂಗ್ ಶಾಲೆ ಕಾರಲ್ಲ."

ಮೇಷ್ಟ್ರು ಕಾಲು ಹಿಂದಕ್ಕೆ ತೆಗೆದುಕೊಂಡರು. ಅರ್ಧ ಮೈಲಿಯಾದ ಮೇಲೆ ಅದು ತಾನಾಗಿ ಮತ್ತೆ ಅಲ್ಲಿಗೇ ಹೋಗಿತ್ತು.

"ಯಾಕೆ ಸುಳ್ಳು ಹೇಳಿದ್ರಿ?" ಫುಮಿಯೆ ರಸ್ತೆಯಿಂದ ಕಣ್ಣು ತೆಗೆಯದೆ, ಮಗಳಿಗೆ ಎಚ್ಚರವಾಗದ ಹಾಗೆ ಕೇಳಿದರು. "ನನ್ನ ಮೇಲೆ ಕರುಣೆನಾ? ನನಗೆ ಬೇಕಿಲ್ಲ ಅದು."

"ಕರುಣೆ ಅಲ್ಲ." ಮೇಷ್ಟ್ರು ಕಿಟಕಿಯ ಗಾಜನ್ನು ಬೆರಳಿನಿಂದ ಉಜ್ಜಿದರು. "ಬೆಳಿಗ್ಗೆಯಿಂದ ಒಂದೂವರೆ ಗಂಟೆ ನಾನೇ ಎಳೆದಿದೀನಿ ಅಂದ್ಕೊಂಡಿದ್ದೆ, ಫುಮಿಯೆ. ಮೊನ್ನೆ ಎಳೆದೆನೋ ಬಿಟ್ಟೆನೋ ಅಂತ ಯೋಚಿಸಿದೆ, ಯೋಚಿಸಿದೆ. ನೆನಪೇ ಬರ್ಲಿಲ್ಲ. ಸೀಟು ಮೂರು ಹಲ್ಲು ಮುಂದೆ ಬಂದಿದೆ, ಅದೂ ಕಾಣಿಸ್ಲಿಲ್ಲ. ಮೊದಲನೇ ಪಾಠ ಅದು. ಮೊದಲನೇದು. ಎಳೆದೋರು ಯಾರೇ ಆಗ್ಲಿ. ನಾನು ಎಳೆದಿಲ್ಲ ಅಂತ ಖಂಡಿತವಾಗಿ ಹೇಳೋಕೆ ಆಗದೆ ಇರೋನು ಈ ಎಡಗಡೆ ಸೀಟಲ್ಲೇ ಕೂರ್ಬೇಕು. ನನ್ನ ವಿದ್ಯಾರ್ಥಿ ಆಗಿದ್ದಿದ್ರೆ ನಾನು ಇಳಿಸ್ತಿದ್ದೆ."

ಎದುರಿನಿಂದ ಹಿಮ ಬಾಚುವ ಲಾರಿ ಬಂತು. ಫುಮಿಯೆ ವೇಗ ಇಳಿಸಿ, ಅಂಚಿಗೆ ಸರಿದು, ಅದು ಎಬ್ಬಿಸಿದ ಬಿಳಿಪುಡಿ ಕೆಳಗಿಳಿಯುವವರೆಗೂ ಕಾದು ಮುಂದೆ ಹೋದರು. ಮೇಷ್ಟ್ರ ಬಲಗಾಲು ಆಗ ಅಲುಗಲಿಲ್ಲ. ಅದನ್ನು ಇಬ್ಬರೂ ಗಮನಿಸಿದರು.

ಹನ್ನೆರಡೂಕಾಲಿಗೆ ಹೋಟೆಲು ಬಂತು. ಬುಗ್ಗೆಯ ಹಬೆ ಮಾಡಿನ ಮೇಲೆ ಹರಡಿಕೊಂಡಿತ್ತು. ಫುಮಿಯೆ ಎರಡು ಕಾರುಗಳ ನಡುವೆ ಹಿಮ್ಮುಖವಾಗಿ ಬಂದು, ಗೆರೆಯೊಳಗೆ ನೆಟ್ಟಗೆ ನಿಲ್ಲಿಸಿ, ಗೇರು ಪಾರ್ಕಿಂಗಿಗೆ ಹಾಕಿದರು. ಆಮೇಲೆ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಕಣ್ಣು ಮುಚ್ಚಿದರು. ನಾಗಸಾಕಿಯ ಎಡಗೈ ತಾನಾಗಿ ಕೆಳಗಿಳಿದು ಹ್ಯಾಂಡ್‌ಬ್ರೇಕಿನ ಮೇಲೆ ಹೋಯಿತು.

ಅಲ್ಲಿ ಆಗಲೇ ಮೇಷ್ಟ್ರ ಕೈ ಇತ್ತು.

"ಒಂಬತ್ತನೇ ಪಾಠ," ಎಂದರು ಅವರು, ಮೆಲ್ಲಗೆ.

ಫುಮಿಯೆ ಕಣ್ಣು ತೆರೆದು ನೋಡಿದರು. ಕೈ ತೆಗೆಯಲಿಲ್ಲ. ಮೇಷ್ಟ್ರ ಬೆರಳುಗಳು ಬೆಳಿಗ್ಗೆ ಕಾರಿನ ಕೆಳಗೆ ಮರಗಟ್ಟಿ ಇನ್ನೂ ತಣ್ಣಗೇ ಇದ್ದವು. ಹಿಂದಿನ ಸೀಟಿನಲ್ಲಿ ಚಿಜುರು ಎಚ್ಚೆತ್ತು, ಕಣ್ಣುಜ್ಜಿಕೊಂಡು, "ಬಂತಾ? ಯಾಕೆ ಇಳೀತಿಲ್ಲ?" ಎಂದು ಕೇಳಿದಳು. ಮುಂದಿನ ಸೀಟಿನ ಎರಡು ಕೈಗಳು ಹ್ಯಾಂಡ್‌ಬ್ರೇಕಿನ ಮೇಲೆ ಹಾಗೇ ಇದ್ದವು, ಅದನ್ನು ಎಳೆಯದೆ.